ಡಕ್ಟಿನೊಳಗಿನ ಗಾಳಿಯ ಚಲನ ಒತ್ತಡ: ಲೆಕ್ಕ ಸರಿಯಿದ್ದರೂ ಹೊಟ್ಟಿನ ಕೊಳವೆ ಏಕೆ ಕಟ್ಟಿಕೊಳ್ಳುತ್ತಿದೆ?

ಕಾರಟಗಿಯ ಗಿರಣಿ ನಿರ್ವಾಹಕ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ಒಂದು ಅಕ್ಕಿ ಗಿರಣಿಯ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಬೇಸಿಗೆ ಬೆಳೆಯ ಭತ್ತ ಬಂದಿರುವುದರಿಂದ ಗಿರಣಿ ದಿನದ ಹೆಚ್ಚಿನ ಹೊತ್ತು ಓಡುತ್ತಿದೆ. ಭತ್ತ ಸುಲಿದ ಮೇಲೆ ಹೊಟ್ಟನ್ನು ಎಳೆದುಕೊಂಡು ಹೋಗುವ 300 ಮಿಲಿಮೀಟರ್ ವ್ಯಾಸದ ದುಂಡು ಡಕ್ಟ್, ಅಂದರೆ ಗಾಳಿಯ ಕೊಳವೆ, ಇದೆ. ಗಾಳಿಯನ್ನು ಸುತ್ತಿಸಿ ಹೊಟ್ಟನ್ನು ಬೇರ್ಪಡಿಸುವ ಸೈಕ್ಲೋನ್ ಎಂಬ ಪಾತ್ರೆಯಲ್ಲಿ ಹೊಟ್ಟು ಕೆಳಗೆ ಬೀಳುತ್ತದೆ, ಗಾಳಿ ಮಾತ್ರ ಮುಂದಿನ ಬ್ಲೋವರಿಗೆ ಹೋಗುತ್ತದೆ. ಬೆಳಿಗ್ಗೆ ಎಲ್ಲವೂ ಸರಿಯಾಗಿರುತ್ತದೆ. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಅಡ್ಡವಾಗಿ ಹೋಗುವ ಭಾಗದಲ್ಲಿ ಹೊಟ್ಟು ತಳ ಹಿಡಿದು, ಸಂಜೆಯ ಹೊತ್ತಿಗೆ ಡಕ್ಟ್ ಕಟ್ಟಿಕೊಳ್ಳುತ್ತದೆ.

ಡಕ್ಟ್ ಮಾಡಿಕೊಟ್ಟವರು ಗಾಳಿ ಸೆಕೆಂಡಿಗೆ 18 ಮೀಟರ್ ವೇಗದಲ್ಲಿ ಹರಿಯುತ್ತದೆ ಎಂದು ಹೇಳಿದ್ದರು. ಅದನ್ನು ಪರೀಕ್ಷಿಸಲು, ಹರಿವಿಗೆ ಎದುರಾಗಿ ಹಿಡಿದು ವೇಗ ಅಳೆಯುವ ಪಿಟೋ ನಳಿಕೆಯನ್ನೂ, ಒತ್ತಡದ ವ್ಯತ್ಯಾಸ ತೋರಿಸುವ ನೀರು ತುಂಬಿದ ಯು ನಳಿಕೆಯನ್ನೂ ಎರವಲು ತಂದೆ. ಮೊದಲ ಸಲ ಡಕ್ಟಿನ ಪಕ್ಕದ ತೂತಿಗೆ ಯು ನಳಿಕೆಯ ಒಂದು ತುದಿಯನ್ನು ಜೋಡಿಸಿ, ಇನ್ನೊಂದನ್ನು ಹೊರಗಾಳಿಗೆ ಬಿಟ್ಟಾಗ 85 ಮಿಲಿಮೀಟರ್ ನೀರಿನಷ್ಟು ಎಳೆತ ಕಾಣಿಸಿತು. ಅದನ್ನೇ ಒತ್ತಡದಿಂದ ವೇಗ ಕಂಡುಹಿಡಿಯುವ ಸೂತ್ರಕ್ಕೆ ಹಾಕಿದರೆ ವೇಗ ಸೆಕೆಂಡಿಗೆ ಸುಮಾರು 37 ಮೀಟರ್ ಬಂತು. ಅದು ಸಾಧ್ಯವಿಲ್ಲವೆಂದು ಅನಿಸಿ, ಪಿಟೋ ನಳಿಕೆಯ ಎರಡೂ ತುದಿಗಳನ್ನು ಯು ನಳಿಕೆಯ ಎರಡು ಕಾಲುಗಳಿಗೆ ಜೋಡಿಸಿದೆ. ಆಗ 22 ಮಿಲಿಮೀಟರ್ ವ್ಯತ್ಯಾಸ ತೋರಿಸಿತು. ಗಾಳಿಯ ಸಾಂದ್ರತೆಯನ್ನು ಪುಸ್ತಕದಲ್ಲಿರುವಂತೆ ಘನ ಮೀಟರಿಗೆ 1.225 ಕೆ.ಜಿ. ಎಂದು ಹಿಡಿದಾಗ ವೇಗ 18.8 ಮೀಟರ್ ಆಯಿತು. ಡಕ್ಟ್ ತಿರುಗುವ ಬಾಗು, ಅಂದರೆ ಬೆಂಡು, ಮುಗಿದು ಒಂದೂವರೆ ಅಡಿ ಆದ ಮೇಲೆ, ಡಕ್ಟಿನ ನಡುಮಧ್ಯದಲ್ಲಿ ಅಳೆದಿದ್ದೇನೆ. ಹೇಳಿದ್ದಕ್ಕಿಂತ ವೇಗ ಹೆಚ್ಚೇ ಇರುವಾಗ ಹೊಟ್ಟು ಏಕೆ ತಳ ಹಿಡಿಯುತ್ತದೆ ಎಂಬುದು ನನಗೆ ತಿಳಿಯುತ್ತಿಲ್ಲ.

ಬಳ್ಳಾರಿಯ ಉಪನ್ಯಾಸಕಿ

ನೀವು ಎರಡು ರೀತಿಯಲ್ಲಿ ಅಳೆದು ಎರಡನ್ನೂ ಬರೆದಿರುವುದು ಒಳ್ಳೆಯದಾಯಿತು, ಏಕೆಂದರೆ ವಿಷಯದ ತಿರುಳು ಆ ಎರಡರ ನಡುವಿನ ಅಂತರದಲ್ಲೇ ಇದೆ.

ಹರಿಯುವ ಗಾಳಿಯಲ್ಲಾಗಲಿ ನೀರಿನಲ್ಲಾಗಲಿ ಮೂರು ಒತ್ತಡಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಹರಿವಿನ ದಿಕ್ಕಿಗೆ ಸಂಬಂಧವಿಲ್ಲದೆ ಕೊಳವೆಯ ಗೋಡೆಯನ್ನು ಎಲ್ಲ ಕಡೆಗೂ ಸಮನಾಗಿ ಒತ್ತುವುದು ಸ್ಥಿರ ಒತ್ತಡ. ಹರಿವಿಗೆ ಎದುರಾಗಿ ಬಾಯಿ ತೆರೆದ ನಳಿಕೆಯಲ್ಲಿ ಗಾಳಿ ಪೂರ್ತಿ ನಿಂತಾಗ ಕಾಣಿಸುವುದು ಒಟ್ಟು ಒತ್ತಡ. ಒಟ್ಟು ಒತ್ತಡದಿಂದ ಸ್ಥಿರ ಒತ್ತಡವನ್ನು ಕಳೆದಾಗ ಉಳಿಯುವುದೇ ಚಲನ ಒತ್ತಡ. ನಿಮ್ಮ ಮೊದಲ ಅಳತೆಯ 85 ಮಿಲಿಮೀಟರ್ ಸ್ಥಿರ ಒತ್ತಡ ಮಾತ್ರ. ಬ್ಲೋವರ್ ಎಳೆಯುವ ಕಡೆ ಅಳೆದಿರುವುದರಿಂದ ಅದು ಹೊರಗಾಳಿಗಿಂತ ಕಡಿಮೆ, ಅಂದರೆ ಋಣ 85. ಪಿಟೋ ನಳಿಕೆಯ ಎದುರುಬಾಯಿಯನ್ನು ಮಾತ್ರ ಹೊರಗಾಳಿಯೊಂದಿಗೆ ಹೋಲಿಸಿದ್ದರೆ ಋಣ 63 ಸಿಗುತ್ತಿತ್ತು. ಋಣ 63ರಿಂದ ಋಣ 85ನ್ನು ಕಳೆದರೆ ಧನ 22. ಸ್ಥಿರ ಒತ್ತಡವೂ ಒಟ್ಟು ಒತ್ತಡವೂ ಋಣವಾಗಿರಬಹುದು, ಚಲನ ಒತ್ತಡ ಮಾತ್ರ ಎಂದಿಗೂ ಋಣವಾಗದು, ಏಕೆಂದರೆ ಅದರಲ್ಲಿ ವೇಗದ ವರ್ಗವಿದೆ:

ಚಲನ ಒತ್ತಡ = ½ × ಸಾಂದ್ರತೆ × ವೇಗ × ವೇಗ

ಸಾಂದ್ರತೆಯನ್ನು ಘನ ಮೀಟರಿಗೆ ಕೆ.ಜಿ.ಯಲ್ಲೂ ವೇಗವನ್ನು ಸೆಕೆಂಡಿಗೆ ಮೀಟರಿನಲ್ಲೂ ಹಾಕಿದರೆ ಉತ್ತರ ಪ್ಯಾಸ್ಕಲ್‌ನಲ್ಲಿ ಬರುತ್ತದೆ. ಯು ನಳಿಕೆಯ 1 ಮಿಲಿಮೀಟರ್ ನೀರು 9.81 ಪ್ಯಾಸ್ಕಲ್‌ಗೆ ಸಮ. ಆದ್ದರಿಂದ ನಿಮ್ಮ 22 ಮಿಲಿಮೀಟರ್ ಎಂದರೆ ಸುಮಾರು 216 ಪ್ಯಾಸ್ಕಲ್.

ಇನ್ನು ಸಾಂದ್ರತೆ. 1.225 ಎಂಬುದು ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಗಾಳಿಯ ಸಾಂದ್ರತೆ. ನಮ್ಮ ಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಅಂಥ ಗಾಳಿ ಎಲ್ಲಿಯೂ ಸಿಗುವುದಿಲ್ಲ. ನಿಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿರುವುದರಿಂದ ವಾತಾವರಣದ ಒತ್ತಡವನ್ನು 96,000 ಪ್ಯಾಸ್ಕಲ್ ಎಂದು ಹಿಡಿಯಬಹುದು. ಅದನ್ನು ಗಾಳಿಯ ಅನಿಲ ಸ್ಥಿರಾಂಕವಾದ 287ರಿಂದಲೂ, ಕೆಲ್ವಿನ್‌ನಲ್ಲಿರುವ ಉಷ್ಣತೆಯಿಂದಲೂ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 40 ಡಿಗ್ರಿಗೆ, ಅಂದರೆ 313 ಕೆಲ್ವಿನ್‌ಗೆ, ಅದು 1.07. ಇದನ್ನು ಹಾಕಿದರೆ ನಿಮ್ಮ 22 ಮಿಲಿಮೀಟರಿಗೆ ವೇಗ 18.8 ಅಲ್ಲ, 20 ಮೀಟರ್.

ಇದರಿಂದ ನಿಮ್ಮ ಗೊಂದಲ ಇನ್ನೂ ಹೆಚ್ಚಾಗುತ್ತದೆ ಎಂದು ಬಲ್ಲೆ. ಆದರೆ ಒಂದು ಮಾತನ್ನು ಗಮನಿಸಿ: ಹೊಟ್ಟನ್ನು ತೇಲಿಸಿಕೊಂಡು ಹೋಗುವುದು ವೇಗವೊಂದೇ ಅಲ್ಲ, ಚಲನ ಒತ್ತಡ. ಹೊಟ್ಟಿನ ಚೂರಿನ ಮೇಲೆ ಗಾಳಿ ಬೀರುವ ಬಲ ಚಲನ ಒತ್ತಡಕ್ಕೂ ಆ ಚೂರಿನ ವಿಸ್ತೀರ್ಣಕ್ಕೂ ಅನುಗುಣವಾಗಿರುತ್ತದೆ. ಬ್ಲೋವರಿನ ಸುತ್ತು ಬದಲಾಗದಿದ್ದರೆ ಅದು ಬೆಳಿಗ್ಗೆಯೂ ಮಧ್ಯಾಹ್ನವೂ ಸರಿಸುಮಾರು ಅಷ್ಟೇ ಘನ ಮೀಟರ್ ಗಾಳಿಯನ್ನು ಎಳೆಯುತ್ತದೆ, ವೇಗವೂ ಅಷ್ಟೇ ಇರುತ್ತದೆ. ಆದರೆ ಬೆಳಗಿನ 26 ಡಿಗ್ರಿಯಲ್ಲಿ 1.12 ಇದ್ದ ಸಾಂದ್ರತೆ ಮಧ್ಯಾಹ್ನದ 41 ಡಿಗ್ರಿಯಲ್ಲಿ 1.065ಕ್ಕೆ ಇಳಿಯುವುದರಿಂದ, ಅದೇ ವೇಗದಲ್ಲಿ ಚಲನ ಒತ್ತಡ ನೂರಕ್ಕೆ ಐದರಷ್ಟು ಕುಗ್ಗುತ್ತದೆ. ಡಕ್ಟ್ ಮಾಡಿದವರು 1.2 ಸಾಂದ್ರತೆಯ ಗಾಳಿಗೆ 18 ಮೀಟರ್ ಎಂದು ಲೆಕ್ಕ ಹಾಕಿದ್ದರೆ ಅವರ ಮನಸ್ಸಿನಲ್ಲಿದ್ದ ಚಲನ ಒತ್ತಡ 194 ಪ್ಯಾಸ್ಕಲ್, ಅಂದರೆ 19.8 ಮಿಲಿಮೀಟರ್ ನೀರು. ನಮ್ಮ ಮಧ್ಯಾಹ್ನದ ಗಾಳಿಯಲ್ಲಿ ಅಷ್ಟನ್ನೇ ಪಡೆಯಲು 19 ಮೀಟರ್ ವೇಗ ಬೇಕು.

ಐದು ಪ್ರತಿಶತ ಕುಗ್ಗುವುದರಿಂದಲೇ ಡಕ್ಟ್ ಕಟ್ಟಿಕೊಳ್ಳುತ್ತದೆ ಎಂದು ನಾನು ಒಪ್ಪುವುದಿಲ್ಲ. ವ್ಯವಸ್ಥೆ ಮೊದಲೇ ಅಂಚಿನಲ್ಲಿರಬೇಕು. ನಿಮ್ಮ 22ರ ಮೇಲೆ ನನಗೆ ಸಂಶಯವಿದೆ. ಬೆಂಡಿನ ಬಳಿ, ಒಂದೇ ಬಿಂದುವಿನಲ್ಲಿ ಅಳೆದದ್ದು ಇಡೀ ಡಕ್ಟಿನ ಅಳತೆಯಾಗುವುದಿಲ್ಲ.

ರಾಯಚೂರಿನ ಡಿಪ್ಲೊಮಾ ವಿದ್ಯಾರ್ಥಿ

ಮೇಡಂ, ಇದೇ ಸೂತ್ರದ ಬಗ್ಗೆ ನನ್ನದೂ ಎರಡು ಪ್ರಶ್ನೆಗಳಿವೆ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿಯ ಚಲನ ಒತ್ತಡವನ್ನು ಕೇಳಿದ್ದ ಲೆಕ್ಕದಲ್ಲಿ ನನ್ನ ಉತ್ತರ ಪುಸ್ತಕದ ಉತ್ತರಕ್ಕಿಂತ ಸುಮಾರು 13 ಪಟ್ಟು ಹೆಚ್ಚಾಗಿದೆ, ತಪ್ಪು ಎಲ್ಲಿದೆ ಎಂದು ತಿಳಿಯುತ್ತಿಲ್ಲ. ಎರಡನೆಯದು, ಡಕ್ಟಿನ ಹಲವು ಬಿಂದುಗಳಲ್ಲಿ ಅಳೆದರೆ ಒತ್ತಡಗಳ ಸರಾಸರಿ ತೆಗೆದು ಆಮೇಲೆ ವೇಗ ಕಂಡುಹಿಡಿಯಬೇಕೋ, ಪ್ರತಿ ಬಿಂದುವಿನ ವೇಗ ಕಂಡುಹಿಡಿದು ಸರಾಸರಿ ತೆಗೆಯಬೇಕೋ? ಎರಡೂ ಒಂದೇ ಎಂದು ನನ್ನ ಗೆಳೆಯರು ಹೇಳುತ್ತಾರೆ.

ಬಳ್ಳಾರಿಯ ಉಪನ್ಯಾಸಕಿ

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನೀವು 72ನ್ನು ನೇರವಾಗಿ ಸೂತ್ರಕ್ಕೆ ಹಾಕಿದ್ದೀರಿ, 3.6ರಿಂದ ಭಾಗಿಸಿ 20 ಮಾಡಿಕೊಳ್ಳಲಿಲ್ಲ. ವೇಗದಲ್ಲಿ 3.6 ಪಟ್ಟಿನ ತಪ್ಪು ವರ್ಗವಾದಾಗ 12.96 ಪಟ್ಟು ಆಗುತ್ತದೆ.

ಎರಡನೆಯ ಪ್ರಶ್ನೆ ಬಹಳ ಮುಖ್ಯವಾದದ್ದು. ಎರಡೂ ಖಂಡಿತ ಒಂದೇ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ, ವರ್ಗಮೂಲಗಳು ಸುಲಭವಾಗಿ ಸಿಗಲೆಂದು ಸಂಖ್ಯೆಗಳನ್ನು ನಾನೇ ಆರಿಸಿಕೊಂಡಿದ್ದೇನೆ. ಬೆಂಡಿನ ಬಳಿ ಆರು ಬಿಂದುಗಳಲ್ಲಿ 4, 9, 16, 25, 25, 16 ಮಿಲಿಮೀಟರ್ ಬಂತು ಎಂದಿಟ್ಟುಕೊಳ್ಳಿ. ಇವುಗಳ ಸರಾಸರಿ 15.83, ಅದರ ವರ್ಗಮೂಲ 3.98. ಪ್ರತಿಯೊಂದರ ವರ್ಗಮೂಲವನ್ನು ಮೊದಲು ತೆಗೆದರೆ 2, 3, 4, 5, 5, 4. ಅವುಗಳ ಸರಾಸರಿ 3.83. ವೇಗವು ಚಲನ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಎರಡನೆಯ ದಾರಿಯೇ ಸರಿ. ಮೊದಲ ದಾರಿ ಹಿಡಿದವರಿಗೆ ವೇಗ ನೂರಕ್ಕೆ ಸುಮಾರು ನಾಲ್ಕರಷ್ಟು ಹೆಚ್ಚಾಗಿ ಕಾಣುತ್ತದೆ. ಈ ತಪ್ಪು ಎಂದಿಗೂ ಕಡಿಮೆಯ ಕಡೆಗೆ ಹೋಗುವುದಿಲ್ಲ, ಯಾವಾಗಲೂ ಹೆಚ್ಚಿನ ಕಡೆಗೇ ಹೋಗುತ್ತದೆ, ಹರಿವು ಎಷ್ಟು ಏರುಪೇರಾಗಿದೆಯೋ ತಪ್ಪೂ ಅಷ್ಟು ದೊಡ್ಡದಾಗುತ್ತದೆ. ಎಲ್ಲ ಬಿಂದುಗಳಲ್ಲೂ ಒಂದೇ ಒತ್ತಡವಿದ್ದರೆ ಮಾತ್ರ ನಿಮ್ಮ ಗೆಳೆಯರ ಮಾತು ನಿಜವಾಗುತ್ತದೆ.

ಕಾರಟಗಿಯವರೇ, ಇದೇ ಉದಾಹರಣೆಯಲ್ಲಿ ಒಂದು ಬಿಂದುವಿನ 25ನ್ನು ಮಾತ್ರ ಹಿಡಿದರೆ ವೇಗ 21.4 ಮೀಟರ್ ಬರುತ್ತದೆ, ಸರಿಯಾದ ಸರಾಸರಿ 16.4 ಮೀಟರ್ ಮಾತ್ರ. ನಿಮ್ಮ ಡಕ್ಟಿನಲ್ಲಿ ಹೀಗೆಯೇ ಆಗಿರಬಹುದು.

ಮುನಿರಾಬಾದಿನ ನಿವೃತ್ತ ನೀರಾವರಿ ಎಂಜಿನಿಯರ್

ಗಾಳಿಯ ಲೆಕ್ಕದಲ್ಲಿ ನನಗೆ ಹೆಚ್ಚು ಅನುಭವವಿಲ್ಲ, ಆದರೆ ನೀರಿಗೂ ಇದೇ ಸೂತ್ರವಾದ್ದರಿಂದ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ. ಈ ನಳಿಕೆ ಹುಟ್ಟಿದ್ದು ನದಿಯಲ್ಲಿ. ಫ್ರಾನ್ಸಿನ ಆಂರಿ ಪಿಟೋ 1732ರಲ್ಲಿ ಪ್ಯಾರಿಸಿನ ಸೇನ್ ನದಿಯ ಹರಿವನ್ನು ಬಾಗಿದ ಗಾಜಿನ ನಳಿಕೆಯಿಂದ ಅಳೆದರು. ಆಳಕ್ಕೆ ಹೋದಂತೆ ನದಿಯ ವೇಗ ಹೆಚ್ಚುತ್ತದೆ ಎಂದು ಅದುವರೆಗೆ ನಂಬಿದ್ದವರಿಗೆ ಆ ಅಳತೆ ಬೇರೆಯದನ್ನೇ ತೋರಿಸಿತು. ಡೇನಿಯಲ್ ಬರ್ನೂಲಿಯವರ ಗ್ರಂಥ ಪ್ರಕಟವಾದದ್ದು 1738ರಲ್ಲಿ, ಅಂದರೆ ಅಳತೆ ಮೊದಲು, ಸಿದ್ಧಾಂತ ಆಮೇಲೆ.

ಆದರೂ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯಂಥ ಕಡೆ ನಾವು ಪಿಟೋ ನಳಿಕೆಯನ್ನು ಬಳಸಿದವರಲ್ಲ. ಕಾಲುವೆಯ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿದರೆ ಅದರ ಚಲನ ಒತ್ತಡ 500 ಪ್ಯಾಸ್ಕಲ್, ನಳಿಕೆಯಲ್ಲಿ ನೀರು ಏರುವುದು 5.1 ಸೆಂಟಿಮೀಟರ್. ವೇಗ ಅರ್ಧ ಮೀಟರಿಗೆ ಇಳಿದರೆ ಏರಿಕೆ ಅದರ ಕಾಲುಭಾಗಕ್ಕೆ, ಅಂದರೆ 1.3 ಸೆಂಟಿಮೀಟರಿಗೆ ಕುಸಿಯುತ್ತದೆ. ಅಲೆಯಾಡುವ ನೀರಿನಲ್ಲಿ ಒಂದು ಸೆಂಟಿಮೀಟರನ್ನು ನಂಬಿಕೊಂಡು ಸಾವಿರಾರು ಎಕರೆಗಳಿಗೆ ನೀರು ಹಂಚಲು ಆಗುವುದಿಲ್ಲ. ಅದಕ್ಕೇ ತಿರುಗುವ ಚಕ್ರದ ಕರೆಂಟ್ ಮೀಟರನ್ನು ಬಳಸುತ್ತಿದ್ದೆವು. ವೇಗ ಕಡಿಮೆಯಿರುವಲ್ಲಿ ಈ ವರ್ಗದ ಸಂಬಂಧವೇ ಅಳೆಯುವವರಿಗೆ ಶತ್ರುವಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ, ಅಂದರೆ ಹೆಚ್ಚುವರಿ ನೀರು ಬಿಡುವ ಗೇಟಿನ, ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ಹಲಗೆ, ಇಳಿಸುವುದು ಏಕೆ ಅಷ್ಟು ಕಷ್ಟವಾಯಿತು ಎಂದು ಹಲವರು ನನ್ನನ್ನು ಕೇಳಿದರು. ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಮುಚ್ಚಿದ ಗೇಟಿನ ಹಿಂದೆ ನಿಂತ ನೀರಿಗೆ ಸ್ಥಿರ ಒತ್ತಡ ಮಾತ್ರ ಇರುತ್ತದೆ. ಗೇಟು ಹೋದ ಮೇಲೆ ಅದೇ ಎತ್ತರದ ಒಂದು ಪಾಲು ವೇಗವಾಗಿ ಮಾರ್ಪಡುತ್ತದೆ. ಸರಳೀಕರಿಸಿದ ಲೆಕ್ಕದಲ್ಲಿ, ತುಂಬಿದ ಮಟ್ಟದ 6.1 ಮೀಟರಿನಲ್ಲಿ ಮೂರನೆಯ ಒಂದು ಭಾಗ ಕ್ರಸ್ಟಿನ, ಅಂದರೆ ಗೇಟು ಕೂರುವ ಕಟ್ಟೆಯ ನೆತ್ತಿಯ, ಮೇಲೆಯೇ ವೇಗವಾಗುತ್ತದೆ ಎಂದು ಹಿಡಿದರೆ ವೇಗ ಸೆಕೆಂಡಿಗೆ 6.3 ಮೀಟರ್, ಚಲನ ಒತ್ತಡ ಸುಮಾರು 20,000 ಪ್ಯಾಸ್ಕಲ್, ಅಂದರೆ ಪ್ರತಿ ಚದರ ಮೀಟರಿಗೆ ಎರಡು ಟನ್ನಿನ ತೂಕದಷ್ಟು. ಕ್ರೇನಿನಿಂದ ತೂಗಾಡುವ ಉಕ್ಕಿನ ಹಲಗೆಯನ್ನು ಅಂಥ ಹರಿವಿಗೆ ಅಡ್ಡವಾಗಿ ಇಳಿಸಿ ಕೂರಿಸಿದ ಕೆಲಸಗಾರರನ್ನು ನೆನೆದರೆ ಇಂದಿಗೂ ನನಗೆ ಗೌರವ ಉಕ್ಕುತ್ತದೆ. ಗಾಳಿಯ 200 ಪ್ಯಾಸ್ಕಲ್‌ನ ಪಕ್ಕದಲ್ಲಿ ಈ 20,000ವನ್ನು ಇಟ್ಟು ನೋಡಿ, ಸಾಂದ್ರತೆ ಏನು ಮಾಡುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಬೇಗ ಮನದಟ್ಟಾಗುತ್ತದೆ.

ರಾಯಚೂರಿನ ಡಿಪ್ಲೊಮಾ ವಿದ್ಯಾರ್ಥಿ

ಧನ್ಯವಾದಗಳು ಸರ್. ಹಾಗಾದರೆ ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ನಮಗೆ ಹೇಳಿಕೊಟ್ಟಿರುವ "0.6 × ವೇಗದ ವರ್ಗ" ಎಂಬುದೂ ಇದೇ ಸೂತ್ರವೇ? ಅದರಲ್ಲಿ ಸಾಂದ್ರತೆ ಕಾಣುವುದೇ ಇಲ್ಲ.

ಬಳ್ಳಾರಿಯ ಉಪನ್ಯಾಸಕಿ

ಹೌದು, ಇದೇ. 1.2 ಎಂಬ ಸಾಂದ್ರತೆಯ ಅರ್ಧ 0.6, ಸಾಂದ್ರತೆ ಅದರೊಳಗೆ ಅಡಗಿದೆ. ಸೆಕೆಂಡಿಗೆ 39 ಮೀಟರ್ ಗಾಳಿಗೆ 913 ಪ್ಯಾಸ್ಕಲ್ ಬರುತ್ತದೆ. ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಜಾಹೀರಾತು ಫಲಕಕ್ಕೆ ಅದು ಒಂದೂವರೆ ಟನ್ನಿಗೂ ಮೀರಿದ ತಳ್ಳುವಿಕೆ, ಆಕಾರದ ಗುಣಾಂಕವನ್ನು ಸೇರಿಸುವ ಮೊದಲೇ. ಇನ್ನೊಂದು ಮಿತಿಯನ್ನೂ ನೆನಪಿಡಿ: ಗಾಳಿಯ ವೇಗ ಶಬ್ದದ ವೇಗದ ಹತ್ತರಲ್ಲಿ ಮೂರು ಭಾಗವನ್ನು, ಅಂದರೆ ಸೆಕೆಂಡಿಗೆ ಸುಮಾರು 100 ಮೀಟರನ್ನು ದಾಟಿದರೆ ಗಾಳಿ ಅದುಮಿಕೊಳ್ಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಗಿರಣಿಯ ಡಕ್ಟಿಗೆ ಆ ಚಿಂತೆ ಬೇಡ.

ಶಕ್ತಿನಗರದ ತಂತ್ರಜ್ಞ

ಉಷ್ಣ ವಿದ್ಯುತ್ ಕೆಲಸದಲ್ಲಿ ಡಕ್ಟುಗಳ ಹರಿವನ್ನು ಅಳೆಯುವುದು ನನ್ನ ದಿನನಿತ್ಯದ ಕಸುಬು. ಕಾರಟಗಿಯ ಸಹೋದರರಿಗೆ ಕೆಲಸಕ್ಕೆ ಬರುವ ಕೆಲವನ್ನು ಮಾತ್ರ ಹೇಳುತ್ತೇನೆ.

ಅಳೆಯುವ ಜಾಗವನ್ನು ಮೊದಲು ಬದಲಿಸಿ. ಬೆಂಡಿನಲ್ಲಿ ತಿರುಗಿದ ಗಾಳಿ ಹೊರಗೋಡೆಯ ಕಡೆಗೆ ಸರಿದು ಅಲ್ಲಿ ಜೋರಾಗಿ, ಒಳಗೋಡೆಯ ಬಳಿ ಸಡಿಲವಾಗಿ ಹರಿಯುತ್ತದೆ. ಅದು ಸಮವಾಗಲು ವ್ಯಾಸದ ಎಂಟು ಪಟ್ಟು ನೇರ ದೂರ ಬೇಕು. ನಿಮ್ಮ ಡಕ್ಟಿಗೆ ಅದು 2.4 ಮೀಟರ್. ಮುಂದಿನ ಬೆಂಡಿಗೆ ಕನಿಷ್ಠ ಎರಡು ವ್ಯಾಸದಷ್ಟು ಮೊದಲೇ ಅಳೆಯಬೇಕು. ಅಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ತೂತು ಕೊರೆಯಿರಿ. ಒಳಬದಿಯ ಚೂಪು ಅಂಚುಗಳನ್ನು ಅರದಿಂದ ಉಜ್ಜಿ ತೆಗೆಯಿರಿ. ಪ್ರತಿ ತೂತಿನಿಂದ ಆರು ಬಿಂದುಗಳು: 300 ಮಿಲಿಮೀಟರ್ ವ್ಯಾಸಕ್ಕೆ ಗೋಡೆಯಿಂದ 13, 44, 89, 211, 256 ಮತ್ತು 287 ಮಿಲಿಮೀಟರ್ ದೂರದಲ್ಲಿ. ನಡುವಿನ ಬಿಂದು ಇದರಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಡಕ್ಟಿನ ಅಡ್ಡಕೊಯ್ತವನ್ನು ಸಮ ವಿಸ್ತೀರ್ಣದ ಬಳೆಗಳಾಗಿ ಭಾಗ ಮಾಡಿ, ಸರಾಸರಿಯಲ್ಲಿ ಪ್ರತಿ ಬಳೆಗೂ ಸಮಾನ ಪಾಲು ಸಿಗುವಂತೆ ಈ ದೂರಗಳನ್ನು ಗೊತ್ತು ಮಾಡಲಾಗಿದೆ.

ಹೊಟ್ಟು ಹರಿಯುತ್ತಿರುವಾಗ ಅಳೆಯಬೇಡಿ. ಪಿಟೋ ನಳಿಕೆಯ ಪಕ್ಕದ ಸಣ್ಣ ತೂತುಗಳು ಧೂಳಿನಿಂದ ಮುಚ್ಚಿಹೋದರೆ ಯು ನಳಿಕೆ ಏನನ್ನಾದರೂ ತೋರಿಸುತ್ತಲೇ ಇರುತ್ತದೆ, ಅದು ಸುಳ್ಳೆಂದು ತಿಳಿಯುವುದಿಲ್ಲ. ನಾವು ಬೂದಿಯ ಧೂಳಿರುವ ಕಡೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ದಪ್ಪ ಬಾಯಿಗಳ ಎಸ್ ಮಾದರಿಯ ನಳಿಕೆಯನ್ನು ಬಳಸುತ್ತೇವೆ. ಆದರೆ ಅದರ ಹಿಂದಿನ ಬಾಯಿ ಎಳೆತವನ್ನು ಕಾಣುವುದರಿಂದ ವ್ಯತ್ಯಾಸ ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ, ಸುಮಾರು 0.84 ಇರುವ ಗುಣಾಂಕವನ್ನು ವರ್ಗ ಮಾಡಿ ಓದಿಗೆ ಗುಣಿಸಬೇಕು. ಅದನ್ನು ಮರೆತರೆ ಚಲನ ಒತ್ತಡ ನಿಜಕ್ಕಿಂತ 1.4 ಪಟ್ಟು ಕಾಣುತ್ತದೆ. ನಿಮ್ಮದು ಸಾಮಾನ್ಯ ಪಿಟೋ ನಳಿಕೆಯಾಗಿದ್ದರೆ ಗುಣಾಂಕ ಒಂದೇ ಎಂದು ಹಿಡಿಯಬಹುದು.

ಕಾರಟಗಿಯ ಗಿರಣಿ ನಿರ್ವಾಹಕ

ನೀವೆಲ್ಲರೂ ಹೇಳಿದಂತೆ ಭಾನುವಾರ ಭತ್ತ ಬಿಡದೆ ಬ್ಲೋವರ್ ಮಾತ್ರ ಓಡಿಸಿ, ಮಧ್ಯಾಹ್ನ ಮೂರು ಗಂಟೆಗೆ ಬೆಂಡಿನಿಂದ ಎರಡೂಮುಕ್ಕಾಲು ಮೀಟರ್ ದೂರದಲ್ಲಿ ಅಳೆದೆ. ಮೇಲಿನಿಂದ ಕೆಳಕ್ಕೆ 10.5, 13, 15, 15.5, 13.5, 11 ಮಿಲಿಮೀಟರ್ ಬಂತು. ಅಡ್ಡಕ್ಕೆ 10, 12.5, 15, 15, 13, 10.5. ವರ್ಗಮೂಲಗಳ ಸರಾಸರಿ 3.58. ಸಾಂದ್ರತೆ 1.07ಕ್ಕೆ ಅದನ್ನು 4.28ರಿಂದ (2 × 9.81 ÷ 1.07ರ ವರ್ಗಮೂಲ) ಗುಣಿಸಿದರೆ ವೇಗ 15.3 ಮೀಟರ್. ಚಲನ ಒತ್ತಡ 12.8 ಮಿಲಿಮೀಟರ್, ಅಂದರೆ ಸುಮಾರು 126 ಪ್ಯಾಸ್ಕಲ್. ಬೇಕಾದದ್ದು 194 ಎಂದು ಮೇಡಂ ಹೇಳಿದ್ದಾರೆ. ಹೊಟ್ಟು ತಳ ಹಿಡಿಯುವುದರಲ್ಲಿ ಈಗ ಆಶ್ಚರ್ಯವಿಲ್ಲ. ಬ್ಲೋವರಿನ ಪುಲ್ಲಿ ಬದಲಿಸಿ ಸುತ್ತು ಹೆಚ್ಚಿಸಲೇ?

ಬಳ್ಳಾರಿಯ ಉಪನ್ಯಾಸಕಿ

ದಯವಿಟ್ಟು ಆತುರಪಡಬೇಡಿ. ಚಲನ ಒತ್ತಡವನ್ನು 12.8ರಿಂದ 19.8ಕ್ಕೆ ಏರಿಸಲು ಸುತ್ತು 1.24 ಪಟ್ಟು ಆಗಬೇಕು. ಬ್ಲೋವರ್ ಬೇಡುವ ಶಕ್ತಿ ಸುತ್ತಿನ ಘನಕ್ಕೆ ಅನುಗುಣವಾಗಿ ಏರುವುದರಿಂದ ಮೋಟಾರಿನ ಮೇಲಿನ ಹೊರೆ 1.9 ಪಟ್ಟಿಗೆ ಹೋಗುತ್ತದೆ. ಮೋಟಾರ್ ಸುಡುತ್ತದೆ.

ಅದಕ್ಕೆ ಮೊದಲು ಸೈಕ್ಲೋನಿಗೂ ಬ್ಲೋವರಿಗೂ ನಡುವಿನ ಡಕ್ಟಿನಲ್ಲೂ ಹೀಗೆಯೇ ಹನ್ನೆರಡು ಬಿಂದುಗಳಲ್ಲಿ ಅಳೆಯಿರಿ. ಎರಡೂ ಕಡೆ ಒಂದೇ ಗಾಳಿ ಹರಿಯಬೇಕು. ಬ್ಲೋವರಿನ ಬಳಿ ಹೆಚ್ಚು ಬಂದರೆ ಮಿಕ್ಕ ಗಾಳಿ ನಡುವೆ ಎಲ್ಲಿಂದಲೋ ನುಗ್ಗುತ್ತಿದೆ ಎಂದರ್ಥ.

ಕಾರಟಗಿಯ ಗಿರಣಿ ನಿರ್ವಾಹಕ

ಅಳೆದೆ ಮೇಡಂ. ಅಲ್ಲಿಯ ಡಕ್ಟೂ 300 ಮಿಲಿಮೀಟರ್ ವ್ಯಾಸದ್ದೇ. ವರ್ಗಮೂಲಗಳ ಸರಾಸರಿ 4.30, ವೇಗ 18.4 ಮೀಟರ್. ವಿಸ್ತೀರ್ಣ 0.0707 ಚದರ ಮೀಟರಿನಿಂದ ಗುಣಿಸಿದರೆ ಬ್ಲೋವರಿನ ಬಳಿ ಸೆಕೆಂಡಿಗೆ 1.30 ಘನ ಮೀಟರ್, ಹೊಟ್ಟಿನ ಡಕ್ಟಿನಲ್ಲಿ 1.08. ಬ್ಲೋವರ್ ಎಳೆಯುವ ಗಾಳಿಯಲ್ಲಿ ಆರನೆಯ ಒಂದು ಭಾಗ ಬೇರೆ ಕಡೆಯಿಂದ ಬರುತ್ತಿತ್ತು. ಸೈಕ್ಲೋನಿನ ಕೆಳಗೆ ಗಾಳಿ ಒಳನುಗ್ಗದಂತೆ ಹೊಟ್ಟು ಬೀಳಿಸುವ ಏರ್‌ಲಾಕಿನ ರಬ್ಬರ್ ಪಟ್ಟಿಗಳು ಸವೆದು ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಬಿಸಿಲಿಗೆ ರಬ್ಬರ್ ಮೆತ್ತಗಾಗಿ ಮಧ್ಯಾಹ್ನ ಇನ್ನಷ್ಟು ಬಾಗುತ್ತಿದ್ದುದನ್ನೂ ಕಣ್ಣಾರೆ ನೋಡಿದೆ.

ಪಟ್ಟಿಗಳನ್ನು ಬದಲಿಸಿದ ಮೇಲೆ ಹೊಟ್ಟಿನ ಡಕ್ಟಿನಲ್ಲಿ ವರ್ಗಮೂಲಗಳ ಸರಾಸರಿ 4.20ಕ್ಕೆ ಏರಿದೆ. ವೇಗ 18 ಮೀಟರ್, ಚಲನ ಒತ್ತಡ 173 ಪ್ಯಾಸ್ಕಲ್. 194ಕ್ಕೆ ಇನ್ನೂ ಮುಟ್ಟಿಲ್ಲ, ಆದರೆ ಪುಲ್ಲಿಯನ್ನು ಮುಟ್ಟದೆಯೇ ಎಂಟು ದಿನಗಳಿಂದ ಡಕ್ಟ್ ಕಟ್ಟಿಕೊಂಡಿಲ್ಲ. ಮಳೆಗಾಲ ಹಿಡಿದು ಗಾಳಿ ತಂಪಾದ ಮೇಲೆ ಅದೇ ಬಿಂದುಗಳಲ್ಲಿ ಮತ್ತೊಮ್ಮೆ ಅಳೆದು ಓದುಗಳನ್ನು ಇಲ್ಲೇ ಬರೆಯುತ್ತೇನೆ. ಕೊರೆದ ತೂತುಗಳಿಗೆ ಸದ್ಯಕ್ಕೆ ಬಿರಡೆ ಹಾಕಿದ್ದೇನೆ.